ತೌಡು ತಿನ್ನಿಸಿದ ಹೊಂಡ

ಗೆಳೆಯರೇ, ಇವತ್ತು ಮುಂಜಾನೆ ಕಲ್ಲೂರಿನಲ್ಲಿ ಅಕ್ಕಿ ಗಿರಣಿ ಸಾಹುಕಾರರೊಬ್ಬರ ಮೀನಿನ ಹೊಂಡದ ದಂಡೆಯಲ್ಲಿ ಜಗಳಾಡಿ ಬಂದೆ. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

“ದಿನಾ ಮುಂಜಾನಿ ನನಗ ನಮಸ್ಕಾರ ಮಾಡಾಕ ಬರ್ತಾವ ನೋಡ್ರಿ, ಮಾಸ್ತರ,” ಎಂದರು ಸಾಹುಕಾರರು.

“ಅವು ಉಸುರು ಸಿಗದ ಒದ್ದಾಡಾಕತ್ತಾವ, ಸಾವ್ಕಾರ್ರ. ನೀವು ಸುರಿಯೋ ತೌಡು ಕೊಳತು ನೀರು ಕೆಟ್ಟದ. ನಾಳಿ ಮಾನ್ವಿಯೊಳಗ ಮೀನಿನ ಹೊಂಡದ ತರಬೇತಿ ಅದ, ಬರ್ರಿ.”

“ಗಿರಣಿ ನಂದು, ತೌಡು ನಂದು, ಹೊಂಡ ನಂದು. ಕಲಿಯಾದೇನದ?” ಎಂದವರೇ ಇನ್ನೊಂದು ಚೀಲ ಸುರಿದುಬಿಟ್ಟರು! ಹೊಂಡ ತೋಡಲು ಅವಸರ, ಕಲಿಯಲು ಬೇಸರ.

ಸಿಟ್ಟಿಗೆ ನಾನೇ ಹೋಗಿ ಕಾಲುವೆ ನೀರಿನ ಮೋಟಾರು ಹಾಕಿದೆ. ಹೊಸ ನೀರು ಬಿದ್ದದ್ದೇ ತಡ, ಮೀನೆಲ್ಲ ಸಾಹುಕಾರರಿಗೆ ಬೆನ್ನು ತಿರುಗಿಸಿ ಅತ್ತ ನುಗ್ಗಿದವು.

ಆ ಮೀನುಗಳಿಗೆ ಬಸ್ಸು ಹತ್ತಲು ಬರುತ್ತಿದ್ದರೆ ನಾಳೆ ತರಬೇತಿಯ ಮೊದಲ ಸಾಲಿನಲ್ಲಿ ಅವೇ ಕೂತಿರುತ್ತಿದ್ದವು.