ಜಿನೆಟ್ ಸುಮ್ಮನಿದ್ದ ಗಳಿಗೆ

ಟೆಕ್ಸಸ್ಸಿನ ಕೇಟಿ ಎಂಬ ಊರಿನ ನಮ್ಮ ಬೀದಿಯಲ್ಲಿ ಎದುರುಮನೆಯ ಜಿನೆಟ್ ಒಂದು ಕಾಲಕ್ಕೆ ಫ್ರಾನ್ಸಿನ ಸಿನಿಮಾ ನಟಿಯಾಗಿದ್ದರು ಎಂದರೆ ಯಾರೂ ನಂಬುತ್ತಿರಲಿಲ್ಲ. ನಂಬುವ ಹಾಗೆ ಅವರಿರಲೂ ಇಲ್ಲ. ತೀರಿಕೊಂಡ ಗಂಡನ ಹಳೆಯ ಅಂಗಿ ತೊಟ್ಟು, ತೋಳು ಮಡಚಿ, ಕಸದ ಡಬ್ಬಿಯನ್ನು ದರದರ ಎಳೆದು ತಂದು ರಸ್ತೆಗಿಡುತ್ತಿದ್ದರು. ನಾವು ಈ ಮನೆಗೆ ಬಂದ ಹೊಸದರಲ್ಲಿ ಒಂದು ಬೆಳಿಗ್ಗೆ ನಾನು ಹಾಕುತ್ತಿದ್ದ ರಂಗೋಲಿಯ ಮುಂದೆ ನಿಂತು, "ಇದನ್ನ ಅಳಿಸಿ ನಾಳೆ ಮತ್ತೆ ಹಾಕ್ತೀಯಾ? ಹಾಗಾದ್ರೆ ನೀನೂ ನನ್ನ ಹಾಗೇ ಹುಚ್ಚಿ" ಎಂದರು. ಹೇಳಿದ್ದು ಇಂಗ್ಲಿಷಿನಲ್ಲಿ, ಅವರ ಮಾತೆಲ್ಲ ನನ್ನ ಮನಸ್ಸಿನಲ್ಲಿ ಕನ್ನಡವಾಗಿಯೇ ಉಳಿದುಬಿಟ್ಟಿದೆ. ಗುರುತಿಲ್ಲ ಪರಿಚಯವಿಲ್ಲ, ಇದೆಂಥ ಮಾತು ಎಂದು ಸಿಟ್ಟು ಬಂತು. ಆಮೇಲೆ ಅವರ ಮನೆಯಲ್ಲಿ ಕಾಫಿ ಕುಡಿಯದ ವಾರವೇ ಇಲ್ಲ ಎನ್ನುವ ಹಾಗಾಯಿತು.

ಹುಟ್ಟಿದ್ದು ಸೇಂತ್ ಎತಿಯೆನ್ ಎಂಬ ಊರಿನಲ್ಲಿ, ತಂದೆ ರಿಬ್ಬನ್ ನೇಯುವ ಗಿರಣಿಯಲ್ಲಿ ಕೆಲಸಗಾರ. ಹದಿನೆಂಟಕ್ಕೆ ಪ್ಯಾರಿಸಿಗೆ ಓಡಿಹೋದ ಹುಡುಗಿಗೆ ಸಿನಿಮಾದಲ್ಲಿ ಸಿಕ್ಕ ಮೊದಲ ಕೆಲಸ ನಟನೆಯಲ್ಲ, ಬರೀ ನಿಂತುಕೊಳ್ಳುವುದು. ನಾಯಕಿ ಬರುವ ತನಕ ಅವಳ ಜಾಗದಲ್ಲಿ ನಿಂತಿರಬೇಕು, ಅಷ್ಟರಲ್ಲಿ ಲೈಟಿನವರು ಬೆಳಕು ಸರಿಮಾಡಿಕೊಳ್ಳುತ್ತಾರೆ. ನಾಯಕಿ ಬಂದ ಕೂಡಲೇ ಹೊರಗೆ. ಹಾಗೆ ನಿಂತವಳ ಮುಖವನ್ನು ನಿರ್ದೇಶಕನೊಬ್ಬ ನೋಡಿ, ಮುಂದಿನ ಚಿತ್ರದಲ್ಲಿ ದೋಣಿಯವನ ಹೆಂಡತಿಯ ಪಾತ್ರ ಕೊಟ್ಟ. ಆ ಚಿತ್ರದಿಂದ ಹೆಸರು ಬಂತು, ಪತ್ರಿಕೆಯ ಮುಖಪುಟಕ್ಕೆ ಫೋಟೋ ಬಂತು, ನಿರ್ದೇಶಕನೂ ಮನೆಗೇ ಬಂದ. ಮುಂದೆ ಅವನದೇ ಚಿತ್ರಗಳು, ಅವನದೇ ಸಂಸಾರ. ಕೊನೆಗೆ ಅವನಿಗೆ ಇನ್ನೊಬ್ಬ ಎಳೆಯ ಹುಡುಗಿ ಸಿಕ್ಕಳು. ಜಿನೆಟ್‌ಗೆ ಮೂವತ್ತೈದು ದಾಟುವಷ್ಟರಲ್ಲಿ ನಾಯಕನ ತಾಯಿಯ ಪಾತ್ರ, ನಲವತ್ತಕ್ಕೆ ಅದೂ ಇಲ್ಲ. "ಆ ನಾಯಕ ನನಗಿಂತ ದೊಡ್ಡೋನು ಕಣೇ ರಮಾ!" ಎಂದು ಹೇಳಿಕೊಂಡು ನಗುತ್ತಿದ್ದರು. ನನಗೆ ನಗು ಎಲ್ಲಿಂದ ಬರಬೇಕು, ಮೈಯೆಲ್ಲ ಉರಿಯುತ್ತಿತ್ತು.

ಅಲ್ಲಿಗೆ ತೈಲದ ಕೆಲಸಕ್ಕೆಂದು ಬಂದಿದ್ದ ಟೆಕ್ಸಸ್ಸಿನ ಎಂಜಿನಿಯರ್ ವಾಲ್ಟರ್. ಜಿನೆಟ್‌ರ ಒಂದೇ ಒಂದು ಸಿನಿಮಾ ಕೂಡ ನೋಡಿರಲಿಲ್ಲವಂತೆ. ಅದಕ್ಕೇ ಮದುವೆಯಾದೆ ಎನ್ನುತ್ತಿದ್ದರು. ಅವರು ಕೇಟಿಗೆ ಬಂದಾಗ ಇಲ್ಲೆಲ್ಲ ಭತ್ತದ ಗದ್ದೆಗಳಿದ್ದವಂತೆ. ನಟನೆಯ ಹುಚ್ಚು ಮಾತ್ರ ಬಿಡಲಿಲ್ಲ. ಡ್ರೈವ್ ಮಾಡಿಕೊಂಡು ಡಲ್ಲಾಸಿಗೆ ಹೋಗಿ ಜಾಹೀರಾತಿನವರ ಮುಂದೆ ನಿಲ್ಲುವುದು, ಅವರು ಉಚ್ಚಾರ ಸರಿಯಿಲ್ಲ ಎಂದು ಕಳಿಸುವುದು. ಒಮ್ಮೆ ಚೀಸಿನ ಜಾಹೀರಾತಿಗೆ ಕರೆದು, ಇನ್ನೂ ಸ್ವಲ್ಪ ಫ್ರೆಂಚ್ ಹೆಂಗಸಿನ ಹಾಗೆ ಮಾತಾಡಿ ಎಂದರಂತೆ! ಶಾಲೆಯಲ್ಲಿ ಫ್ರೆಂಚ್ ಪಾಠ ಹೇಳಿ ನಿವೃತ್ತರಾದರು. ಮಕ್ಕಳಿಲ್ಲ. ವಾಲ್ಟರ್ ಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಒಬ್ಬರೇ.

ಹೀಗಿರುವಾಗ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಅವರಿಗೆ ಪಾತ್ರವೊಂದು ಹುಡುಕಿಕೊಂಡು ಬಂತು. ಆಸ್ಟಿನ್ನಿನಲ್ಲಿರುವ ನಮ್ಮ ಸ್ನೇಹಿತ ಚನ್ನಕೇಶವನ ಮಗ ಅಖಿಲ್ ಸಿನಿಮಾ ಮಾಡಲು ಹೊರಟಿದ್ದ. ಅಲ್ಲಿನ ಫಿಲ್ಮ್ ಕ್ಲಬ್ಬಿನಲ್ಲಿ ಆ ಹಳೆಯ ಚಿತ್ರದ ದೋಣಿಯವನ ಹೆಂಡತಿಯನ್ನು ನೋಡಿ ಮರುಳಾಗಿ, ಆ ನಟಿ ಎಲ್ಲಿದ್ದಾರೆ ಎಂದು ಹುಡುಕಿದರೆ ರಮಾ ಆಂಟಿಯ ಎದುರುಮನೆ! ಅವನೇ ಬಂದು, ಅವರ ಅಡುಗೆಮನೆಯಲ್ಲಿ ಕೂತು ಕಥೆ ಹೇಳಿದ. ಹೆಚ್ಚೇನಿಲ್ಲ, ಒಂದು ದೃಶ್ಯ. ಹಳ್ಳಿಮನೆಯ ಮುದುಕಿ. ಪೊಲೀಸಿನವನು ಬಂದು, ನಿಮ್ಮ ಮಗ ಅಪಘಾತದಲ್ಲಿ ತೀರಿಕೊಂಡ ಎನ್ನುತ್ತಾನೆ. ಮುದುಕಿ ಅವನನ್ನು ನೋಡಿ, "ಅಷ್ಟು ದೂರದಿಂದ ಬಂದಿದ್ದೀಯ, ಊಟ ಮಾಡಿದೆಯಾ?" ಎಂದು ಕೇಳುತ್ತಾಳೆ. ಆಮೇಲೆ ಮಗನ ಬಗ್ಗೆ ಒಂದೂವರೆ ಪುಟದಷ್ಟು ಮಾತು.

ಅವನು ಹೋದ ಮೇಲೆ ಜಿನೆಟ್ ನನ್ನ ಎರಡೂ ಕೈ ಹಿಡಿದುಕೊಂಡರು. "ರಮಾ, ನನಗೆ ಮಾತು ನೆನಪಲ್ಲಿ ನಿಲ್ಲಲ್ಲ."

ನನಗೆ ಗೊತ್ತಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಇಲ್ಲದ ವಾಲ್ಟರನನ್ನು ಊಟಕ್ಕೆ ಕರೆಯುವುದು, ಎಲ್ಲ ನೋಡಿದ್ದೆ. ಹ್ಯೂಸ್ಟನ್ನಿನ ಡಾಕ್ಟರೂ ಹೇಳಿಯಾಗಿತ್ತು, ಇದು ಶುರು, ಇನ್ನು ಹೆಚ್ಚುತ್ತಾ ಹೋಗುತ್ತದೆ ಎಂದು.

"ಅಖಿಲ್‌ಗೆ ಹೇಳಿಬಿಡೋಣ, ಒಳ್ಳೇ ಹುಡುಗ" ಎಂದೆ.

"ಬೇಡ, ದಮ್ಮಯ್ಯ ಬೇಡ! ಹೇಳಿದರೆ ತೆಗೆದುಹಾಕ್ತಾರೆ. ಇನ್ನೊಂದು ವರ್ಷಕ್ಕೆ ನನ್ನ ಹೆಸರೇ ನನಗೆ ಮರೆತುಹೋಗುತ್ತೆ. ಅದಕ್ಕೆ ಮುಂಚೆ ಒಂದು ಸಲ, ಒಂದೇ ಸಲ, ಕ್ಯಾಮೆರಾ ಮುಂದೆ ನಿಲ್ಲಬೇಕು ನಾನು."

ಈಗ ನಮ್ಮವರ ವಿಷಯ ಹೇಳಬೇಕು. ನನ್ನ ಗಂಡ ಸುಧೀಂದ್ರ ನಮ್ಮ ಕನ್ನಡ ಸಂಘದ ನಾಟಕಗಳಿಗೆಲ್ಲ ಪ್ರಾಂಪ್ಟರ್. ರಾಜ್ಯೋತ್ಸವದ ನಾಟಕ ಎಂದರೆ ಗೊತ್ತಲ್ಲ, ಪಕ್ಕದೂರು ಸೈಪ್ರೆಸ್ಸಿನವರೊಬ್ಬರು, ಕೇಟಿಯವರೊಬ್ಬರು, ಅಭ್ಯಾಸವೆಲ್ಲ ಫೋನಿನಲ್ಲಿ, ಮಾತು ಬಾಯಿಪಾಠ ಮಾಡುವ ಪುಣ್ಯಾತ್ಮ ಒಬ್ಬನೂ ಇಲ್ಲ. ಪರದೆಯ ಪಕ್ಕ ನಿಂತು ಇವರು ಮೆಲ್ಲಗೆ ಒಂದು ಸಾಲು ಹೇಳಿಕೊಡಬೇಕು, ರಂಗದ ಮೇಲಿನ ಮಹಾರಾಜರು ಅದನ್ನೇ ಗಟ್ಟಿಯಾಗಿ ಒಪ್ಪಿಸಬೇಕು. ಯಾರಾದರೂ ಎರಡು ಉಸಿರಿನಷ್ಟು ಸುಮ್ಮನಾದರೆ ಮುಗಿಯಿತು, ಮರೆತರು ಎಂದೇ ಲೆಕ್ಕ. ಆಗ ಇವರು ಹೇಳಿದ್ದನ್ನೇ ಇನ್ನೂ ಜೋರಾಗಿ ಹೇಳುತ್ತಾರೆ. ಹಿಂದಿನ ಸಾಲಿನವರಿಗೂ ಕೇಳಿಸಿ, ಎಷ್ಟೋ ಸಲ ಚಪ್ಪಾಳೆ ಇವರಿಗೇ ಬಿದ್ದದ್ದುಂಟು.

"ಅಷ್ಟೇ ತಾನೇ? ನಾನಿದ್ದೀನಿ ಬಿಡಿ" ಎಂದರು ನಮ್ಮವರು. ಜಿನೆಟ್ ಮುಖ ಅರಳಿತು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ದಿನಾ ಅಭ್ಯಾಸ. ನಾನು ಚಪಾತಿ ಲಟ್ಟಿಸುತ್ತಾ ಪೊಲೀಸಿನವನ ಮಾತು ಹೇಳುತ್ತಿದ್ದೆ. ಜಿನೆಟ್ ಎಲ್ಲಿ ತಡವರಿಸಿದರೂ ಇವರ ಪಿಸುಮಾತು ಸಿದ್ಧ. ಕ್ರಮೇಣ ಅವರ ಕಿವಿ ಇವರ ದನಿಗೆ ಎಷ್ಟು ಹೊಂದಿಕೊಂಡಿತೆಂದರೆ, ಇವರು ಕೆಮ್ಮಿದರೂ ಅತ್ತ ತಿರುಗುತ್ತಿದ್ದರು. ನನಗೆ ಅದು ಹಿಡಿಸಲಿಲ್ಲ. "ರೀ, ಸಿನಿಮಾದಲ್ಲಿ ನಿಮ್ಮ ದನಿ ರೆಕಾರ್ಡ್ ಆಗಲ್ವೇನ್ರೀ?" ಎಂದು ಕೇಳಿದ್ದಕ್ಕೆ, "ಅದನ್ನೆಲ್ಲ ಆಮೇಲೆ ತೆಗೀತಾರೆ ಕಣೆ, ನಿನಗೇನು ಗೊತ್ತು" ಎಂದು ನನ್ನ ಬಾಯಿ ಮುಚ್ಚಿಸಿದರು.

ಚಿತ್ರೀಕರಣ ನಡೆದದ್ದು ಆಸ್ಟಿನ್ನಿನ ಆಚೆ, ಟೇಲರ್ ಹತ್ತಿರದ ಒಂದು ಹಳೆಯ ತೋಟದ ಮನೆಯಲ್ಲಿ. ಅಲ್ಲೇ ಹತ್ತಿರ ಕಟ್ಟುತ್ತಿದ್ದ ಚಿಪ್ ಫ್ಯಾಕ್ಟರಿಯ ಕ್ರೇನುಗಳು ಕಾಣದಂತೆ ಕಿಟಕಿಗೆ ಬಟ್ಟೆ ಕಟ್ಟಿದ್ದರು. ಶಬ್ದವಾಗುತ್ತದೆಂದು ಎ.ಸಿ. ಕೂಡ ಬಂದ್ ಮಾಡಿ ಎಲ್ಲರೂ ಬೆವರಿನಲ್ಲಿ ತೊಯ್ದು ಹೋಗಿದ್ದರು. ದುಡ್ಡು ಹಾಕಿದ ಡಲ್ಲಾಸಿನ ಹೆಂಗಸು ಮೂಲೆಯಲ್ಲಿ ಗಂಟುಮುಖ ಹಾಕಿಕೊಂಡು ನಿಂತಿದ್ದಳು. "ಸುಧೀ ಹತ್ತಿರ ಇದ್ದರೆ ನನಗೆ ಧೈರ್ಯ" ಎಂದು ಜಿನೆಟ್ ಕೇಳಿಕೊಂಡದ್ದಕ್ಕೆ ಅಖಿಲ್ ನಮ್ಮವರನ್ನು ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ ಕೂರಲು ಬಿಟ್ಟ. ನಾನು ಅಖಿಲ್ ಪಕ್ಕದಲ್ಲಿ, ಕ್ಯಾಮೆರಾ ಕಂಡದ್ದನ್ನು ತೋರಿಸುವ ಪುಟ್ಟ ಟಿವಿಯ ಮುಂದೆ ಕೂತೆ.

ಪೊಲೀಸಿನವನ ಪಾತ್ರಧಾರಿ ಟೋಪಿ ತೆಗೆದು, ಮಗನ ಸಾವಿನ ಸುದ್ದಿ ಹೇಳಿದ.

ಜಿನೆಟ್ ಸುಮ್ಮನಿದ್ದರು.

ಆ ಮುಖವನ್ನು ಹೇಗೆ ಹೇಳಲಿ? ಅಳಲಿಲ್ಲ, ತುಟಿ ಕೂಡ ಅಲುಗಲಿಲ್ಲ. ಆದರೆ ನನ್ನ ಕಣ್ಣೆದುರಿಗೇ ಒಬ್ಬ ತಾಯಿಗೆ ವಿಷಯ ಅರ್ಥವಾಗುತ್ತಿತ್ತು. ಬೇಡ ಬೇಡವೆಂದರೂ, ಒಂದಿಷ್ಟಿಷ್ಟೇ ಒಳಗೆ ಇಳಿಯುತ್ತಿತ್ತು. ಅವರ ಬೆರಳು ಮೇಜಿನ ಮೇಲಿನ ಒಂದು ಬ್ರೆಡ್ಡಿನ ಚೂರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿತು. ಅಖಿಲ್ ಉಸಿರು ಬಿಡಲಿಲ್ಲ. ಆ ಡಲ್ಲಾಸಿನ ಗಂಟುಮುಖದವಳು ಕೂಡ ಬಾಯಿಗೆ ಕೈ ಇಟ್ಟುಕೊಂಡಿದ್ದಳು. ಅದು ಮರೆವಲ್ಲ. ಮರೆತವರ ಕಣ್ಣು ಹುಡುಕುತ್ತಿರುತ್ತದೆ. ಜಿನೆಟ್ ಏನನ್ನೂ ಹುಡುಕುತ್ತಿರಲಿಲ್ಲ. ಅವರು ನಟಿಸುತ್ತಿದ್ದರು, ಅಷ್ಟು ವರ್ಷ ಯಾರೂ ಕೇಳದೆ ಉಳಿದುಹೋದದ್ದನ್ನೆಲ್ಲ ಅಲ್ಲಿಟ್ಟು ನಟಿಸುತ್ತಿದ್ದರು.

ಉಗ್ರಾಣದಲ್ಲಿದ್ದ ನಮ್ಮವರಿಗೆ ಆ ಮುಖ ಕಾಣುತ್ತಿರಲಿಲ್ಲ. ಕೇಳಿಸಿದ್ದು ಮೌನ ಮಾತ್ರ. "ಅಷ್ಟು ದೂರದಿಂದ ಬಂದಿದ್ದೀಯ..." ಎಂದು ಪಿಸುಗುಟ್ಟಿದರು. ಅದು ನನಗೂ ಕೇಳಿಸಿತು. ಕ್ಯಾಮೆರಾ ಓಡುತ್ತಿತ್ತು, ಬೇಡಾರೀ, ಬೇಡ ಎಂದು ಕೂಗುವ ಹಾಗೂ ಇರಲಿಲ್ಲ. ಜಿನೆಟ್ ಅಲುಗಲಿಲ್ಲ. ಆಗ ನಮ್ಮ ಪ್ರಾಂಪ್ಟರ್ ಮಹಾಶಯರು ರಾಜ್ಯೋತ್ಸವದ ಗಂಟಲು ತೆಗೆದು, ಅದೇ ಸಾಲನ್ನು ಜೋರಾಗಿ ಹೇಳಿಬಿಟ್ಟರು.

ಜಿನೆಟ್ ಬೆಚ್ಚಿಬಿದ್ದರು. ಮುಖ ಉಗ್ರಾಣದ ಕಡೆ ತಿರುಗಿತು. ಆ ತಾಯಿ ಹೊರಟುಹೋದಳು. ಅಲ್ಲಿ ಕೂತದ್ದು ಟೀಚರ್ ಕೈಲಿ ಸಿಕ್ಕಿಬಿದ್ದ ಶಾಲೆ ಹುಡುಗಿ. "ಅಷ್ಟು ದೂರದಿಂದ ಬಂದಿದ್ದೀಯ, ಊಟ ಮಾಡಿದೆಯಾ?" ಎಂದು ಬಾಗಿಲಿಗೆ ಹೇಳಿ, ಮುಂದಿನ ಸಾಲಿಗಾಗಿ ಕಾದರು.

ಅಖಿಲ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮವರನ್ನು ಹೊರಗೆ ಕರೆದು, "ಅಂಕಲ್, ಅವರು ಮರೆತಿರಲಿಲ್ಲ. ಆ ಸೈಲೆನ್ಸೇ ಸೀನ್" ಎಂದ, ಅಷ್ಟೇ. ಮತ್ತೆ ತೆಗೆದರು, ಮತ್ತೆ ಮತ್ತೆ ತೆಗೆದರು. ಪ್ರತಿ ಸಲವೂ ಮಾತು ನಿಲ್ಲುವ ಜಾಗ ಬಂದ ಕೂಡಲೇ ಜಿನೆಟ್ ಕಣ್ಣು ಉಗ್ರಾಣದ ಬಾಗಿಲಿಗೆ ಹೋಗುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಕೊನೆಕೊನೆಗೆ ಮೊದಲ ಮಾತೂ ಬಾಯಿಗೆ ಬರಲಿಲ್ಲ. ಬಿಸಿಲು ಇಳಿಯಿತು. ಡಲ್ಲಾಸಿನವಳು ಫೋನ್ ಹಿಡಿದು ಆಚೆ ಹೋದಳು. ಆ ಪಾತ್ರ ಇನ್ನು ಜಿನೆಟ್‌ಗಿಲ್ಲ ಎಂದು ನನಗೆ ಅಲ್ಲೇ ತಿಳಿಯಿತು.

ವಾಪಸ್ ಬರುವಾಗ ಕಾರು ನಾನೇ ಓಡಿಸಿದೆ. ನಮ್ಮವರು ಪಕ್ಕದಲ್ಲಿ ಕೂತಿದ್ದರು. ಹಿಂದಿನ ಸೀಟಿನಿಂದ ಜಿನೆಟ್, "ಥ್ಯಾಂಕ್ಸ್ ಸುಧೀ, ನೀನಿಲ್ಲದಿದ್ರೆ ಮೊದಲ ಸಲಾನೇ ಮಾನ ಹೋಗ್ತಿತ್ತು. ಪೂರ್ತಿ ಮರೆತೇಹೋಗಿತ್ತು ಅಲ್ವಾ?" ಎಂದರು.

ನಮ್ಮವರು ನನ್ನ ಮುಖ ನೋಡಿದರು. ಹೌದು ಎಂದರೆ, ನಿಮ್ಮ ತಲೆ ಕೆಟ್ಟಿದೆ ಎಂದ ಹಾಗೆ. ಅಲ್ಲ ಎಂದರೆ, ನಿಮ್ಮ ಕೊನೆಯ ದೃಶ್ಯವನ್ನು ನಾನೇ ಹಾಳುಮಾಡಿದೆ ಎಂದ ಹಾಗೆ. ನನ್ನ ಸಿಟ್ಟೇನೇ ಇರಲಿ, ನನ್ನ ಗಂಡ ಸುಳ್ಳು ಹೇಳುವವರಲ್ಲ. "ಇಲ್ಲ ಮ್ಯಾಡಮ್, ನೀವು ಮರೆತಿರಲಿಲ್ಲ. ನಾನೇ ತಪ್ಪು ತಿಳಿದು ಮಧ್ಯೆ ಬಾಯಿ ಹಾಕಿದೆ. ಎಲ್ಲಾ ನನ್ನಿಂದಲೇ ಹಾಳಾಯ್ತು" ಎಂದರು.

"ಹೌದು ಜಿನೆಟ್, ನಾನು ಕಣ್ಣಾರೆ ನೋಡಿದ್ದೀನಿ" ಎಂದೆ ನಾನೂ.

ಅವರು ಮುಂದೆ ಬಾಗಿ ನಮ್ಮವರ ಭುಜ ತಟ್ಟಿದರು. "ಗಂಡ ಹೆಂಡ್ತಿ ಇಬ್ಬರೂ ಎಷ್ಟು ಒಳ್ಳೆಯವರಪ್ಪ. ಆದ್ರೆ ಸುಳ್ಳು ಹೇಳೋಕೆ ಇಬ್ಬರಿಗೂ ಬರಲ್ಲ."

ಅಯ್ಯೋ, ನಾವು ಆಣೆ ಮಾಡಿದೆವು, ಬೇಡಿಕೊಂಡೆವು. ಅವರು ಸುಮ್ಮನೆ ನಕ್ಕು ಕಣ್ಣು ಮುಚ್ಚಿಕೊಂಡರು. ಮರುವಾರ ಅಖಿಲ್ ಫೋನ್ ಮಾಡಿ, ಡಲ್ಲಾಸಿನ ಬೇರೊಬ್ಬ ನಟಿಯನ್ನು ಗೊತ್ತುಮಾಡಿದ್ದಾರೆ, ತನ್ನ ಮಾತು ನಡೆಯಲಿಲ್ಲ ಎಂದು ಅತ್ತ. ನಮ್ಮವರು ಅವನಲ್ಲಿ ಬೇಡಿದ್ದು ಒಂದೇ: ಆ ಮೊದಲ ಸಲ ತೆಗೆದ ದೃಶ್ಯವನ್ನು ಕಳಿಸು. ಕಣ್ಣಿಂದ ನೋಡಿದರೆ ನಂಬಲೇಬೇಕಲ್ಲ. ದೋಣಿಯವನ ಹೆಂಡತಿಗೆ ತನ್ನ ಮುಖ ತನಗೇ ತಿಳಿಯದೇ ಹೋದೀತೇ?

ಅವನು ಕಳಿಸಿದ. ಅವತ್ತೇ ಮಧ್ಯಾಹ್ನ ಎದುರುಮನೆಗೆ ಹೋಗಿ, ಜಿನೆಟ್‌ರನ್ನು ನಡುವೆ ಕೂರಿಸಿಕೊಂಡು ಟಿವಿಗೆ ಹಾಕಿದೆವು. ಪೊಲೀಸಿನವನು ಟೋಪಿ ತೆಗೆದ. ಆ ಮುಖ ದೊಡ್ಡದಾಗಿ ಕಂಡಿತು. ನಮ್ಮವರು ಅದನ್ನು ನೋಡುತ್ತಿದ್ದುದು ಅದೇ ಮೊದಲು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಿದಿರಾ? ನೋಡಿದಿರಾ ಮ್ಯಾಡಮ್?" ಎಂದರು.

ಜಿನೆಟ್ ಸೋಫಾದಿಂದ ಎದ್ದು ಟಿವಿಯ ಹತ್ತಿರ ಹೋದರು. ಬ್ರೆಡ್ಡಿನ ಚೂರು ಸರಿಸುತ್ತಿದ್ದ ಆ ತಾಯಿಯ ಮೇಲೆ ಬೆರಳಿಟ್ಟರು.

"ಇಲ್ಲೇ" ಎಂದರು. "ಇಲ್ಲೇ ನೋಡು ಸುಧೀ, ನಾನು ಮರೆತಿದ್ದು."