ಕತ್ತರಿ ಅತ್ತೆ ಹಿಡಿದು ಕೂತ ನೀರಿನ ಲೋಟ

ನಮ್ಮ ಸೋದರತ್ತೆ ಕಾಲೇಜಿನಲ್ಲಿ ಪದರಚನೆ ಕಲಿಸುತ್ತಾರೆ ಎಂದು ಕೇಳಿದಂದಿನಿಂದ, ಅವರು ಪತ್ರಿಕೆಗೆ ಪದಬಂಧ ಮಾಡಿಕೊಡುವವರು ಎಂದೇ ನಾನು ನಂಬಿದ್ದೆ. ಚಿಕ್ಕಂದಿನ ಮಾತಲ್ಲ ಇದು. ಮೀಸೆ ಬಂದು, ಗೋದಾಮಿನಲ್ಲಿ ಡಬ್ಬಗಳಿಗೆ ವಿಳಾಸದ ಚೀಟಿ ಅಂಟಿಸುವ ನೌಕರಿ ಹಿಡಿದ ಮೇಲಿನ ಮಾತು. ಭಾನುವಾರದ ಪತ್ರಿಕೆ ಹಿಡಿದು ಹೋಗಿ, "ಅತ್ತೆ, ಮೇಲಿಂದ ಕೆಳಕ್ಕೆ ಏಳನೇದು ಏನು?" ಎನ್ನುತ್ತಿದ್ದೆ. ಅವರು ಕನ್ನಡಕ ಏರಿಸಿ ನೋಡಿ, "ಗೊತ್ತಿಲ್ಲಪ್ಪ" ಎನ್ನುತ್ತಿದ್ದರು. ತಾನೇ ಬೇಯಿಸಿದ ಅಡುಗೆಯ ರುಚಿ ತನಗೇ ಗೊತ್ತಿಲ್ಲದ ಹೆಂಗಸು, ಪಾಪ, ಹೇಗೆ ಕೆಲಸ ಉಳಿಸಿಕೊಂಡಿದ್ದಾರೋ ಎಂದು ನಾನು ಮರುಗುತ್ತಿದ್ದೆ.

ಅವರ ನಿಜವಾದ ಕೆಲಸ ಪದಗಳನ್ನು ಬಿಚ್ಚಿ ನೋಡುವುದು. 'ಮನೆಯವರಿಗೂ' ಎಂದರೆ ನನಗೆ ಒಂದು ಮಾತು. ಅತ್ತೆಗೆ ಅದರಲ್ಲಿ ಮನೆ ಬೇರೆ, ಅವರು ಬೇರೆ, ಹಿಂದೆ ಜೋತುಬಿದ್ದ ಬಾಲಗಳು ಬೇರೆ. ಯಾವ ಬಾಲ ಯಾವುದರ ಹಿಂದೆ ಕೂರುತ್ತದೆ, ಯಾವುದು ಜಪ್ಪಯ್ಯ ಎಂದರೂ ಕೂರುವುದಿಲ್ಲ ಎಂದು ನೋಡುವುದರಲ್ಲೇ ಆಯುಷ್ಯ ಕಳೆದಿದ್ದಾರೆ. ವಿದ್ಯಾರ್ಥಿಗಳು 'ಕತ್ತರಿ ಮೇಡಂ' ಎಂದರು. ನಮಗೆ ಕತ್ತರಿ ಅತ್ತೆಯಾದರು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಒಂದು ಮಂಚ, ಒಂದು ರೆಕಾರ್ಡರ್, ಇಷ್ಟೇ ಸಂಸಾರ. ಬಸ್ಸಿನಲ್ಲಿ ಯಾರಾದರೂ ಜಗಳವಾಡಿದರೆ ತಮ್ಮ ಸ್ಟಾಪ್ ಬಂದರೂ ಇಳಿಯುವುದಿಲ್ಲ. ಸಿಟ್ಟಿನಲ್ಲಿ ಹೊಸ ಪದ ಹುಟ್ಟುತ್ತದಂತೆ. ಅವರ ಕಸುಬಿನ ಕಟ್ಟುನಿಟ್ಟು ಒಂದೇ: ಜನರ ಮಾತು ರೆಕಾರ್ಡ್ ಮಾಡಲು ಹೋದವರು ಎದುರಿನವರ ಬಾಯಿಗೆ ಮಾತು ಹಾಕಬಾರದು. ಅವರು ತಡವರಿಸಲಿ, ಬೆವರಲಿ, ಕಾಯಬೇಕು.

ಆ ನಿಯಮ ಒಂದು ದಿನ ನಮ್ಮ ಮನೆಯೊಳಗೇ ಬಂದು ಕೂರುತ್ತದೆ ಎಂದು ಯಾರು ಎಣಿಸಿದ್ದರು?

ಅಜ್ಜಿಗೆ, ಅಂದರೆ ಅಪ್ಪನ ಮತ್ತು ಅತ್ತೆಯ ತಾಯಿಗೆ, ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯಿಂದ ಬಂದಾಗ ಕೈ ತಕ್ಕಮಟ್ಟಿಗೆ ಆಡುತ್ತಿತ್ತು, ಮಾತು ಮಾತ್ರ ಮೋಟುಮೋಟು. "ಬಾಗಿಲು." "ದಿಂಬು." ಬಾಲವೆಲ್ಲ ಉದುರಿಹೋಗಿತ್ತು. ಈಗ ಮಾತಾಡಿಸದಿದ್ದರೆ ಮುಂದೆ ಇಷ್ಟೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಪ್ಪನಿಗೆ ತಾಯಿ ಎಂದರೆ ಪ್ರಾಣ. ಅಜ್ಜಿ ತುಟಿ ಅಲುಗಿಸುವುದರೊಳಗೆ, "ದಿಂಬು ಎತ್ತರ ಮಾಡ್ಬೇಕಾ? ಆಯ್ತಮ್ಮ" ಎಂದು ಮುಗಿಸಿಬಿಡುತ್ತಿದ್ದರು. ಅಜ್ಜಿ ತಲೆ ಆಡಿಸುತ್ತಿದ್ದಳು. ಬರಬರುತ್ತಾ ತುಟಿ ಅಲುಗಿಸುವುದನ್ನೂ ಬಿಟ್ಟಳು.

ಅತ್ತೆ ದಿನಾ ಸಂಜೆ ಬರತೊಡಗಿದರು. ಅಂದು ನಾನು ಕೆಲಸದಿಂದ ಬಂದು ಒಳಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟೆ. ಹಾಸಿಗೆಯ ಮೇಲೆ ರೆಕಾರ್ಡರ್‌ನ ಕೆಂಪು ದೀಪ ಉರಿಯುತ್ತಿತ್ತು. ಅಜ್ಜಿ ಕೈ ಚಾಚಿ, "ನೀರು... ನೀರು..." ಎನ್ನುತ್ತಿದ್ದಳು. ಅತ್ತೆ ತುಂಬಿದ ಲೋಟ ಹಿಡಿದು, ಅಲುಗಾಡದೆ ಕೂತಿದ್ದರು!

"ಅತ್ತೆ, ನೀರು ಕೇಳ್ತಿದಾಳೆ!"

"ಕೇಳಿಸ್ತು. ನೀನು ಸುಮ್ನಿರು."

ಅಜ್ಜಿಯ ಕಣ್ಣಲ್ಲಿ ನೀರು, ಕತ್ತಿನ ನರ ಉಬ್ಬಿದೆ. ಹೆತ್ತ ಮಗಳು ಹೀಗೆ ಮಾಡಬಹುದೇ? ಧೀರನಾದ ನಾನು ಏನು ಮಾಡಿದೆ ಎಂದರೆ, ಅಡುಗೆಮನೆಗೆ ಓಡಿ ಅಪ್ಪನನ್ನು ಕರೆದೆ.

ಅಪ್ಪ ಬಂದವರೇ ಲೋಟ ಕಿತ್ತುಕೊಂಡರು. ಅರ್ಧ ನೀರು ಚಾದರದ ಮೇಲೆ ಚೆಲ್ಲಿತು. "ನೀನೇನು ಮನುಷ್ಯಳಾ? ಅಮ್ಮ ನಿನಗೆ ಪ್ರಯೋಗದ ಇಲಿಯಾ? ನಾಳೆಯಿಂದ ಈ ಮನೆ ಹೊಸಿಲು ತುಳೀಬೇಡ."

"ಅಣ್ಣ, ಅವಳದ್ದನ್ನೆಲ್ಲ ನೀನೇ ಹೇಳ್ತಿದ್ರೆ ಅವಳು ಯಾಕೆ ಬಾಯಿ ಬಿಡ್ತಾಳೆ?"

"ಬಾಯಿ ಮುಚ್ಚು! ಅಮ್ಮ, ನಿಂಗೆ ನೀರು ಬೇಕು ಅಲ್ವಾ? ಕುಡಿ, ಕುಡಿ—"

ಅಜ್ಜಿ ಲೋಟವನ್ನು ತಳ್ಳಿದಳು. ಬೆರಳು ಅಪ್ಪನ ಕಡೆ ಎದ್ದಿತು. ತುಟಿ ವಕ್ರವಾಯಿತು, ನೆಟ್ಟಗಾಯಿತು, ಮತ್ತೆ ವಕ್ರವಾಯಿತು.

"ನಡು... ನಡುಬಾಯಿ... ನಡುಬಾಯಿಗಾರ!"

ಅಂಥ ಪದವನ್ನು ನಾವ್ಯಾರೂ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆದರೂ ಮಾತಿನ ನಡುವೆ ಬಾಯಿ ಹಾಕುವ ಅಪ್ಪನಿಗೆ ಅದು ತಮ್ಮ ಹೆಸರೇ ಎಂದು ತಿಳಿದುಹೋಯಿತು. ಅಜ್ಜಿ ಉಸಿರೆಳೆದುಕೊಂಡಳು.

"ಲೋಟ... ಅವಳಿಗೆ ಕೊಡು."

ಅಪ್ಪ ಸಿಡಿಲು ಬಡಿದವರಂತೆ ಲೋಟವನ್ನು ತಂಗಿಗೆ ಕೊಟ್ಟರು. ಈಗಲಾದರೂ ಅತ್ತೆ ತಾಯಿಯನ್ನು ತಬ್ಬಿಕೊಂಡು ಅಳುತ್ತಾರೆ ಎಂದು ನಾನು ಕಾದೆ. ಅವರು ರೆಕಾರ್ಡರನ್ನು ಹತ್ತಿರ ಸರಿಸಿ ಹೇಳಿದರು: "ಅಮ್ಮ, ಇನ್ನೊಂದ್ಸಲ ಹೇಳು. ಅಣ್ಣನ ಕೂಗಾಟದಲ್ಲಿ ಮೊದಲನೇದು ಸರಿಯಾಗಿ ಕೇಳಿಸ್ಲಿಲ್ಲ."

ಅಜ್ಜಿ ಹೇಳಿದಳು. ಎರಡನೆಯ ಸಲ ಸ್ವಲ್ಪ ಖುಷಿಯಿಂದಲೇ ಹೇಳಿದಂತಿತ್ತು. ಆಮೇಲೆ ನೀರು ಕುಡಿದಳು.

ಅತ್ತೆಯನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದೆ. ಕೇಳಬಾರದು ಅಂದುಕೊಂಡೇ ಕೇಳಿಬಿಟ್ಟೆ: "ಅತ್ತೆ, ನಿಜ ಹೇಳಿ. ಅಲ್ಲಿ ಕೂತಿದ್ದು ಅಜ್ಜಿಗೋಸ್ಕರಾನಾ, ನಿಮ್ಮ ಸಂಶೋಧನೆಗೋಸ್ಕರಾನಾ?"

"ಸಂಶೋಧನೆಗೆ," ಎಂದರು ಅತ್ತೆ. "ಮಗಳು ಅಂತ ಕೂತಿದ್ರೆ ಮೊದಲನೇ ಸಲ 'ನೀರು' ಅಂದಾಗ್ಲೇ ಕೊಟ್ಟುಬಿಡ್ತಿದ್ದೆ."