ಸುದ್ದಿ ಹೇಳದ ಬೆರಳು

ಹೆಜಮಾಡಿಯ ದೇಜಪ್ಪ ಮಣಿಪಾಲದ ಒಂದು ಪ್ರಯೋಗಾಲಯಕ್ಕೆ ಸೇರಿ ಇಪ್ಪತ್ತೇಳು ವರ್ಷವಾಯಿತು. ಅದಕ್ಕೂ ಮೊದಲು ಅಪ್ಪನ ಜೊತೆ ಕುಳಿತು ಹರಿದ ಮೀನಿನ ಬಲೆ ಸರಿಮಾಡುತ್ತಿದ್ದ. ಬಲೆಯವರು ಕೈ ನೋಡಿಕೊಂಡು ಕೂರುವುದಿಲ್ಲ; ಊರ ಸುದ್ದಿ ಮಾತಾಡುತ್ತಾರೆ, ಗಂಟು ತಪ್ಪಿದರೆ ಬೆರಳೇ ಹೇಳುತ್ತದೆ. ಆ ಚಾಳಿಯನ್ನು ದೇಜಪ್ಪ ಲ್ಯಾಬಿಗೂ ತಂದ. ಕಿಟಕಿಯಾಚೆ ನೋಡುತ್ತಲೇ ಯಂತ್ರ ಬಿಚ್ಚುವ ಅವನನ್ನು ದೊಡ್ಡ ಡಿಗ್ರಿಯವರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಈಗ ಎರಡು ವರ್ಷದಿಂದ ಬೆರಳುಗಳು ಏನೂ ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ. ಮೊದಲು ಜುಮುಗುಟ್ಟುತ್ತಿದ್ದವು, ಆಮೇಲೆ ಅದೂ ನಿಂತಿತು. ಗೊತ್ತಾದರೆ ಯಂತ್ರದ ಕೆಲಸ ಬಿಡಿಸಿ ಸ್ಟೋರಿನಲ್ಲಿ ಕೂರಿಸುತ್ತಾರೆಂದು ಯಾರಿಗೂ ಹೇಳಲಿಲ್ಲ. ಮೊದಮೊದಲು ಹೆದರಿಕೆಯಿತ್ತು, ಈಗ ಅದೂ ಇಲ್ಲ. ಬಸ್ಸು ಹತ್ತುತ್ತಾನೆ, ಇಳಿಯುತ್ತಾನೆ, ಅಷ್ಟೇ.

ಮೊನ್ನೆ ಲೋಹದ ಲೇಪನ ಹಾಕುವ ಯಂತ್ರವನ್ನು ಬಿಚ್ಚಿ ಒರೆಸುವಾಗ ಅದರ ಎರಡು ಬಲವಾದ ಆಯಸ್ಕಾಂತಗಳು ಟಪ್ಪೆಂದು ಕಚ್ಚಿಕೊಂಡವು. ಹೊಸದಾಗಿ ಸೇರಿದ ಅಲೆವೂರಿನ ನವ್ಯಶ್ರೀ ಮೊಬೈಲು, ವಾಚು, ಸ್ಪ್ಯಾನರುಗಳನ್ನೆಲ್ಲ ದೂರವಿಟ್ಟು ಚರ್ಮದ ಗ್ಲೌಸ್ ತಂದಳು.

“ಹಾಕಿಕೊಳ್ಳಿ ದೇಜಪ್ಪಣ್ಣ.”

“ಎಂತಕ್ಕೆ? ಗ್ಲೌಸ್ ಹಾಕಿದರೆ ಬೆರಳಿಗೆ ಗೊತ್ತಾಗುವುದಿಲ್ಲ.”

ಇಪ್ಪತ್ತೇಳು ವರ್ಷದ ಹಳೆಯ ಉತ್ತರ, ಬಾಯಿಪಾಠದಂತೆ ಬಂತು.

ಕಚ್ಚಿಕೊಂಡ ಆಯಸ್ಕಾಂತಗಳನ್ನು ನೇರ ಎಳೆಯಬಾರದು, ಜಾರಿಸಬೇಕು. ಒಂದನ್ನು ಮರದ ಮೇಜಿನ ಮೇಲೆ ಒತ್ತಿ ಹಿಡಿದು, ಅಂಚಿನಿಂದ ಹೊರಗಿರುವ ಇನ್ನೊಂದನ್ನು ಕೆಳಕ್ಕೆ ದೂಡಬೇಕು. ಎರಡೂ ಬೇರೆಯಾದ ಕೂಡಲೇ ನಡುವೆ ಮರದ ತುಂಡು ತೂರಿಸಬೇಕು. ದೇಜಪ್ಪ ಎಂದಿನಂತೆ ಕಿಟಕಿಯಾಚೆ ನೋಡುತ್ತ ದೂಡಿದ. ಜಾರಿತು. ಮರದ ತುಂಡನ್ನೂ ಇಟ್ಟ.

“ಆಯಿತು ನೋಡು,” ಎಂದ.

“ದೇಜಪ್ಪಣ್ಣ, ಬೆರಳು!”

ಆಯಸ್ಕಾಂತ ವಾಪಸು ಹಾರಿ ಬಂದಿತ್ತು. ಮರದ ತುಂಡಿಗೂ ಅದಕ್ಕೂ ನಡುವೆ ಎಡಗೈಯ ತೋರುಬೆರಳು ಸಿಕ್ಕಿಬಿದ್ದಿತ್ತು. ಉಗುರು ಒಡೆದು, ರಕ್ತ ಮೇಜಿನ ಮೇಲೆ ಹರಿಯುತ್ತಿತ್ತು. ನವ್ಯಶ್ರೀ ಆಯಸ್ಕಾಂತವನ್ನು ಪಕ್ಕಕ್ಕೆ ಜಾರಿಸಿ ಬೆರಳು ಬಿಡಿಸಿದಳು.

“ನೋವಾಗ್ತಾ ಇಲ್ವಾ ನಿಮಗೆ?”

ಯಾರದೋ ಬೆರಳನ್ನು ನೋಡುವಂತೆ ದೇಜಪ್ಪ ನೋಡಿದ.

“ಇಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, “ಎಷ್ಟು ಸಮಯದಿಂದ?”

ಒಮ್ಮೆ ಅಯ್ಯೋ ಎಂದು ಕಿರುಚಿದ್ದರೆ ಸಾಕಿತ್ತು, ಕೆಲಸ ಉಳಿಯುತ್ತಿತ್ತು. ಕಿರುಚಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.